ಭಾವನಿಗೆ ಹೊಣೆ ಯಾರು

ನಾನು ವಿಶ್ವವಿದ್ಯಾಲಯದ ಪ್ರವಾಸ ವಿಭಾಗಕ್ಕೆ ಬಂದ ಹೊಸದರಲ್ಲಿ ಹೊರಗಿನಿಂದ ಒಬ್ಬ ವಿಮಾ ಏಜೆಂಟ್ ಬಂದಿದ್ದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಚರ್ಮದ ಚೀಲ. ಪ್ರವಾಸದಲ್ಲಿ ವಿದ್ಯಾರ್ಥಿಗಳ ಕೈಕಾಲು ಮುರಿದರೆ ಕಂಪನಿ ಇಷ್ಟು ಕೊಡುತ್ತದೆ, ಜೀವಕ್ಕೇ ಅಪಾಯವಾದರೆ ಮನೆಯವರಿಗೆ ಅಷ್ಟು ಕೊಡುತ್ತದೆ ಎಂದು ಬಾಯಿ ತುಂಬ ಹೇಳಿದ. ನಾನು ಕಾಫಿ ತರಿಸಿಕೊಟ್ಟು ಪೂರ್ತಿ ಕೇಳಿಸಿಕೊಂಡೆ. ಆಮೇಲೆ, "ಅಲ್ಲಪ್ಪಾ, ಮಗು ಅಲ್ಲಿ ಬಿದ್ರೆ ಇಲ್ಲಿ ಅವರಮ್ಮನ ಕೈ ಮುರಿಯುತ್ತೆ. ನಿನ್ನ ದುಡ್ಡಿಗೇನು ಮೈಕೈ ನೋಯುತ್ತಾ?" ಎಂದೆ. ಅವನು ನನ್ನ ಮುಖವನ್ನೇ ನೋಡುತ್ತ ಚೀಲ ಎತ್ತಿಕೊಂಡು ಹೋದ. ಪಾಪ, ನಮ್ಮೂರಿಗೆ ಹೊಸಬ.

ನಮ್ಮೂರಿನಲ್ಲಿ ಗಡಿಕಲ್ಲು ದಾಟಿ ಹೋದವರಿಗೆ ಪೆಟ್ಟಾಗುವುದಿಲ್ಲ. ಅವರಿಗೆ ಆಗಬೇಕಾದ ಪೆಟ್ಟು ಊರಲ್ಲಿ ಅವರಿಗೆ ಹೊಣೆ ನಿಂತವರ ಮೈಗೆ ಬರುತ್ತದೆ. ಹೊರಡುವ ದಿನ ಇಬ್ಬರೂ ಒಂದೇ ತಟ್ಟೆಯಲ್ಲಿ ತಿನ್ನಬೇಕು, ಶಾಸ್ತ್ರ ಅಷ್ಟೇ. ಒಬ್ಬರು ಒಬ್ಬರಿಗೆ ಮಾತ್ರ ನಿಲ್ಲಬಹುದು. ಹೊಣೆಯಿಲ್ಲದೆ ಯಾರಾದರೂ ಗಡಿ ದಾಟಿದರೆ ಅವರ ಪೆಟ್ಟು ಊರಲ್ಲಿ ಯಾರ ಮೇಲೆ ಬೇಕಾದರೂ ಬೀಳುತ್ತದೆ. ತೊಟ್ಟಿಲ ಕೂಸೂ ಆಗಬಹುದು, ಕಟ್ಟೆಯ ಮೇಲೆ ಕೂತ ಮುದುಕನೂ ಆಗಬಹುದು. ಇನ್ನು ಹೊಣೆ ನಿಂತವರೇ ಊರು ಬಿಟ್ಟು ಹೋಗುವುದನ್ನಂತೂ ನಾವು ಯಾರೂ ಕಂಡಿಲ್ಲ. ಹಾಗೆ ಮಾಡಬಾರದು ಎಂದು ನಮಗೆ ಮಾತು ಬರುವ ಮೊದಲೇ ಹೇಳಿಕೊಟ್ಟಿರುತ್ತಾರೆ.

ಹಾಗಾಗಿ ಪ್ರವಾಸ ಎಂದರೆ ನನಗೆ ಬಸ್ಸು, ವಸತಿ, ಊಟದ ಕೆಲಸ ಕಡಿಮೆ. ಹೊಣೆ ನಿಂತವರನ್ನು ನೋಡಿಕೊಳ್ಳುವ ಕೆಲಸವೇ ಹೆಚ್ಚು. ಮಕ್ಕಳು ತಿರುಗಿ ಬರುವವರೆಗೆ ಅವರನ್ನೆಲ್ಲ ನಮ್ಮ ಹಳೆಯ ಸಭಾಂಗಣದಲ್ಲಿ ಇರಿಸುತ್ತೇವೆ. ಅದಕ್ಕೆ ಹೊಣೆಮನೆ ಎಂದೇ ಹೆಸರಾಗಿದೆ. ನೆಲದ ತುಂಬ ಹಾಸಿಗೆ, ಮೂಲೆಯಲ್ಲಿ ಡಾಕ್ಟರ್ ಮೃತ್ಯುಂಜಯ ಅವರ ಮೇಜು. ಹೊಣೆ ನಿಂತವರು ಒಲೆಯ ಹತ್ತಿರ ಹೋಗಬಾರದು, ಏಣಿ ಹತ್ತಬಾರದು, ಚಾಕು ಮುಟ್ಟಬಾರದು. ಹುಡುಗ ಅಲ್ಲಿ ಎಡವಿದಾಗ ಅಪ್ಪ ಇಲ್ಲಿ ಸ್ಕೂಟರಿನ ಮೇಲಿದ್ದರೆ ಏನು ಗತಿ! ಯಾವ ದಾರಿಯಲ್ಲಿ ಹೋಗಬೇಕು ಎಂಬುದನ್ನೂ ನಾವು ತಾಯಂದಿರ ಮೈ ನೋಡಿಯೇ ಗೊತ್ತುಮಾಡುವುದು. ಮಂಡಿನೋವಿನವರು ಜಾಸ್ತಿ ಇದ್ದರೆ ಕಡಿದಾದ ಬೆಟ್ಟ ಬೇಡ. ಘಾಟಿ ರಸ್ತೆ ಬಂತೆಂದರೆ ಹೊಣೆಮನೆಯಲ್ಲಿ ಬಕೆಟ್ಟುಗಳನ್ನು ಸಾಲಾಗಿ ಇಡುತ್ತೇವೆ. ಒಂದು ಸಲ ಗಣಿತದ ಹುಡುಗರು ಸಮುದ್ರ ತೀರದಲ್ಲಿ ಏನೋ ತಿಂದರು, ಇಲ್ಲಿ ಅಷ್ಟೂ ಅಪ್ಪಂದಿರು ಬೆಳಗಿನ ತನಕ ಚೊಂಬು ಹಿಡಿದು ಓಡಾಡಿದರು. ನಗಬಾರದು, ಆದರೂ ನಕ್ಕೆ.

ಹಾಗೆ ನಕ್ಕ ನಾನು ಅತ್ತದ್ದೂ ಇದೆ. ಭೂವಿಜ್ಞಾನದ ಪ್ರೊಫೆಸರ್ ಇಂದುಧರ ಅವರು ನನ್ನ ಭಾವ. ನನ್ನ ಅಕ್ಕ ಸರ್ವಮಂಗಳ ಅವರಿಗೆ ಸದಾ ಹೊಣೆ ನಿಲ್ಲುತ್ತಿದ್ದಳು. ಹೊಣೆಮನೆಗೆ ಬಾ ಎಂದರೆ, "ಅಯ್ಯ, ನಿಮ್ಮ ಭಾವ ಕಲ್ಲು ನೋಡೋಕೆ ಹೋಗಿದ್ದಾರೆ, ಕುಸ್ತಿ ಆಡೋಕಲ್ಲ" ಎನ್ನುತ್ತಿದ್ದಳು. ಒಂದು ವರ್ಷ ಅವರು ವಿದ್ಯಾರ್ಥಿಗಳ ಜೊತೆ ಹೊಳೆ ದಾಟುವಾಗ ದೋಣಿ ಮಗುಚಿತು. ಮಕ್ಕಳೆಲ್ಲ ಈಜಿ ದಡ ಸೇರಿದರು. ಅಕ್ಕ ಮನೆಯ ಮಾಳಿಗೆಯ ಮೇಲೆ ಹಪ್ಪಳ ಒಣಹಾಕುತ್ತಿದ್ದಳು, ನಾನು ಪಕ್ಕದಲ್ಲೇ ಕೂತಿದ್ದೆ. ಸುಡುವ ಬಿಸಿಲು, ಹತ್ತಿರದಲ್ಲಿ ಒಂದು ಹನಿ ನೀರಿಲ್ಲ. ಅಕ್ಕ ಉಸಿರು ಕಟ್ಟಿ ನನ್ನ ತೋಳು ಹಿಡಿದಳು. ಅಷ್ಟೇ. ಅಲ್ಲಿ ಭಾವ ನೀರಿನ ತಳದಲ್ಲಿ ಸಿಕ್ಕಿಕೊಂಡಿದ್ದವರು ಒಂದು ಕೆಮ್ಮು ಕೂಡ ಇಲ್ಲದೆ ಎದ್ದು ಬಂದರು. ದಡದಲ್ಲಿ ನಿಂತು ಊರಿಗೆ ಫೋನು ಮಾಡುವಾಗಲೇ ಅವರಿಗೆ ಗೊತ್ತಿತ್ತಂತೆ.

ಅಂದಿನಿಂದ ಭಾವ ಗಡಿಕಲ್ಲು ದಾಟಲಿಲ್ಲ. ಕಲ್ಲಿನ ಪಾಠವನ್ನು ಫೋಟೋ ತೋರಿಸಿ ಮಾಡುತ್ತಿದ್ದರು. ಪ್ರವಾಸಕ್ಕೆ ಮಕ್ಕಳನ್ನು ಕರೆದೊಯ್ಯುವ ಕೆಲಸ ಅದೇ ವಿಭಾಗದ ಇನ್ನೊಬ್ಬ ಮೇಷ್ಟರದಾಗಿತ್ತು. ಅವರು ನಿವೃತ್ತರಾದರು. ಬೆಟ್ಟ, ಕಲ್ಲುಗಣಿ ಕಣ್ಣಾರೆ ನೋಡದೆ ಆ ಮಕ್ಕಳಿಗೆ ಪದವಿ ಸಿಗುವುದಿಲ್ಲ. ಭಾವ ಹೋಗದಿದ್ದರೆ ಇಡೀ ತರಗತಿಗೆ ಒಂದು ವರ್ಷ ಹಾಳು. ಕುಲಸಚಿವರು ನನ್ನನ್ನು ಕರೆಸಿ, "ನಿಮ್ಮ ಭಾವನಿಗೆ ನೀವೇ ಹೇಳ್ಬೇಕಮ್ಮ" ಎಂದರು.

ಹೇಳಿದೆ. ಅವರ ಮನೆಗೆ ಹೋಗಿ, ಕಾಫಿ ಮಾಡಿ ಕೊಟ್ಟು, ಎದುರಿಗೆ ಕೂತು ಹೇಳಿದೆ. "ನಾನು ನಿಲ್ತೀನಿ ಭಾವ. ಗಟ್ಟಿಮುಟ್ಟಾಗಿದ್ದೀನಿ. ಮೂರು ದಿನದ ಮಾತು."

"ಬೇಡ ದಾಕ್ಷಿ."

"ಯಾಕೆ ಬೇಡ? ಅಕ್ಕ ಆದ್ರೆ ಆಗುತ್ತೆ, ನಾನಾದ್ರೆ ಆಗಲ್ವಾ?"

ಅಂದಕೂಡಲೇ ನಾಲಿಗೆ ಕಚ್ಚಿಕೊಂಡೆ. ಭಾವ ಕೋಪ ಮಾಡಿಕೊಳ್ಳಲಿಲ್ಲ. "ಇನ್ನೊಬ್ಬರ ಜೀವ ಜೇಬಲ್ಲಿ ಇಟ್ಕೊಂಡು ನಡೆಯೋದು ನನ್ನ ಕೈಲಿ ಆಗಲ್ಲ ಕಣೇ. ಒಂದು ಹೆಜ್ಜೆನೂ ಆಗಲ್ಲ" ಎಂದರು. ನಾನು ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದು ಬಂದೆ.

ಅದೇ ವಾರ ಪದ್ಮಾಕ್ಷಿ ಎಂಬ ಹುಡುಗಿ ನನ್ನ ಕೋಣೆಗೆ ಬಂದಳು. ಅದೇ ತರಗತಿಯವಳು, ಹಾಸ್ಟೆಲ್ಲಿನಲ್ಲಿರುವವಳು. ಸಾಕಿದ್ದ ಅಜ್ಜಿ ಹೋದ ವರ್ಷ ತೀರಿಕೊಂಡಿದ್ದರು. ಬೇರೆ ಯಾರೂ ಇಲ್ಲ. "ಮೇಡಂ, ನಂಗೆ ಹೊಣೆ ನಿಲ್ಲೋಕೆ ಯಾರೂ ಸಿಗ್ತಿಲ್ಲ. ಗೆಳತಿಯರ ಮನೇಲೆಲ್ಲ ಕೇಳ್ದೆ. ಎಲ್ರೂ ಅವರವರ ಮಕ್ಕಳಿಗೆ ನಿಂತಿದ್ದಾರೆ. ನೀವು ನಿಲ್ತೀರಾ?" ಎಂದು ನೇರವಾಗಿ ಕೇಳಿದಳು. ಕೇಳುವಾಗ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

ನನಗೆ ಪಾಪ ಅನ್ನಿಸಿತು. ಆದರೆ ಭಾವ ಕೊನೆ ಗಳಿಗೆಯಲ್ಲಿ ಒಪ್ಪಿದರೆ? ನನ್ನನ್ನು ಅವರಿಗೆಂದೇ ಇಟ್ಟುಕೊಂಡಿದ್ದೆ. ಹಾಗೆಂದು ಹೇಳಿದೆ. "ಸಾರ್ ಬರದಿದ್ರೆ ಪ್ರವಾಸಾನೇ ಇಲ್ಲ ಕಣಮ್ಮ. ನಾನು ನಿನಗೆ ನಿಂತು ಅವರು ಬರದೆ ಹೋದ್ರೆ ಏನು ಬಂತು?" ಹುಡುಗಿ ದುಪಟ್ಟಾದ ತುದಿ ಬಿಟ್ಟು, "ಹಾಗಾದ್ರೆ ಸಾರ್ ಹತ್ರಾನೇ ಮಾತಾಡ್ತೀನಿ" ಎಂದು ಹೊರಟಳು. ಏನು ಧೈರ್ಯ ಈ ಹುಡುಗಿಯದು ಅಂದುಕೊಂಡೆ.

ಒಂದೆರಡು ವಾರ ಕಳೆದು ಭಾವ ತಾವೇ ನನ್ನ ಕೋಣೆಗೆ ಬಂದು, "ಹೋಗ್ತೀನಿ ದಾಕ್ಷಿ" ಎಂದುಬಿಟ್ಟರು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಹೊಣೆಗೆ ಪಕ್ಕದ ಮನೆಯ ರುದ್ರಯ್ಯ ಮೇಷ್ಟ್ರು ನಿಲ್ಲುತ್ತಾರೆ ಎಂದರು. ನನಗೆ ಸಂತೋಷವೂ ಆಯಿತು, ಬೇಸರವೂ ಆಯಿತು. ಹೆಂಡತಿಯ ತಂಗಿ ಬೇಡವಾದಳು, ಪಕ್ಕದ ಮನೆಯವರು ಬೇಕಾದರು! ಹೋಗಲಿ, ಪದ್ಮಾಕ್ಷಿಗಾದರೂ ನಿಲ್ಲೋಣ ಎಂದು ಅವಳನ್ನು ಕರೆಸಿದರೆ, ಹಾಸ್ಟೆಲ್ಲಿನ ಅಡುಗೆಯ ಮಾದೇವಕ್ಕ ನಿಲ್ಲುತ್ತಾಳೆ ಎಂದಳು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಭಾವ ಸುಳ್ಳು ಹೇಳುವ ಮನುಷ್ಯರಲ್ಲ ಎಂದು ಊರೆಲ್ಲ ನಂಬಿದೆ, ನಾನೂ ನಂಬಿದೆ.

ಹೊರಡುವ ಬೆಳಿಗ್ಗೆ ಗಡಿಕಲ್ಲಿನ ಹತ್ತಿರ ಎಂದಿನ ಗಲಾಟೆ. ಸಾವಂತ್ರಮ್ಮ ಎಂಬಾಕೆ ಮಗನ ಅಂಗಿ ಹಿಡಿದು, "ಲೋ, ಹೋಟ್ಲಲ್ಲಿ ಮೆಣಸಿನಕಾಯಿ ಬಜ್ಜಿ ಮುಟ್ಟಬೇಡ, ನಂಗೆ ಗ್ಯಾಸ್ಟ್ರಿಕ್ ಅದೆ" ಎಂದು ಗೋಗರೆಯುತ್ತಿದ್ದಳು. ಭಾವ ಕಿಟಕಿಯ ಪಕ್ಕ ಕೂತು, ಎದುರಿನ ಸೀಟಿನ ಸರಳನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ನನ್ನನ್ನು ನೋಡಿ ನಗಲು ಹೋದರು, ಆಗಲಿಲ್ಲ. ಬಸ್ಸು ಕಲ್ಲು ದಾಟಿತು. ನಾನು ಹೊಣೆಮನೆಗೆ ಬಂದು, ಅಲ್ಲಿಗೆ ಬಂದಿದ್ದವರಿಗೆಲ್ಲ ಹಾಸಿಗೆ ತೋರಿಸಿ, ಅಡುಗೆ ಎಲ್ಲಿಗೆ ಬಂತೆಂದು ನೋಡಲು ಒಳಗೆ ಹೋದೆ.

ಮಾದೇವಕ್ಕ ಈಳಿಗೆಮಣೆಯ ಮೇಲೆ ಕೂತು ಕುಂಬಳಕಾಯಿ ಹೆಚ್ಚುತ್ತಿದ್ದಳು. "ಏನೇ ಇದು! ಹೊಣೆ ನಿಂತವಳು ಈಳಿಗೆಮಣೆ ಹತ್ತಿ ಕೂತಿದ್ದೀಯಲ್ಲ!"

"ನಾನಾ? ಯಾರಿಗವ್ವ? ನನ್ನ ಯಾರೂ ಒಂದೇ ತಟ್ಟೇಲಿ ತಿನ್ನೋಕೆ ಕರೀಲಿಲ್ಲ."

ಅಲ್ಲಿಂದ ರುದ್ರಯ್ಯ ಮೇಷ್ಟರ ಮನೆಗೆ ಓಡಿದೆ. ಅವರು ಏಣಿ ಹತ್ತಿ ಮಲ್ಲಿಗೆ ಬಳ್ಳಿಯನ್ನು ಚಪ್ಪರಕ್ಕೆ ಕಟ್ಟುತ್ತಿದ್ದರು. ಕೆಳಗೆ ಇಳಿಸಿ ಕೇಳುವ ಅಗತ್ಯವೇ ಬೀಳಲಿಲ್ಲ. ಹೊಣೆ ನಿಂತ ಯಾವ ಮನುಷ್ಯನೂ ಏಣಿ ಹತ್ತುವುದಿಲ್ಲ.

ಹಿಂದಿರುಗಿ ಡಾಕ್ಟರಿಗೆ ಹೇಳಿದೆ. ಅವರು ಕೂಗಾಡಿಬಿಟ್ಟರು. "ಹೊಣೆಯಿಲ್ದೆ ಇಬ್ಬರು ಹೋಗಿದ್ದಾರಾ? ಊರನ್ನ ಏನು ಅಂದ್ಕೊಂಡಿದ್ದೀರಮ್ಮ? ಬಸ್ಸು ವಾಪಸ್ ಕರೆಸಿ, ಈಗ್ಲೇ!" ನಾನು ಫೋನು ಮಾಡಿದೆ. ಭಾವ ಎತ್ತಿದರು. ಬೈಗುಳವೆಲ್ಲ ನಾಲಿಗೆಯ ತುದಿಯಲ್ಲಿತ್ತು, ಬಂದದ್ದು ಒಂದೇ ಮಾತು: "ಭಾವ, ನಿಮಗೆ ಹೊಣೆ ಯಾರು?"

"ಪದ್ಮಾಕ್ಷಿ" ಎಂದರು.

"ಪದ್ಮಾಕ್ಷಿಗೆ?"

"ನಾನು. ಬೆಳಿಗ್ಗೆ ಇಬ್ರೂ ಒಂದೇ ತಟ್ಟೇಲಿ ಉಪ್ಪಿಟ್ಟು ತಿಂದ್ವಿ."

ಅಷ್ಟರಲ್ಲಿ ಹುಡುಗಿ ಫೋನು ತೆಗೆದುಕೊಂಡಳು. ಅವಳ ಮಾತು ಸ್ಪಷ್ಟವಾಗಿತ್ತು. "ಮೇಡಂ, ಬೈಬೇಡಿ. ನಾನು ಬಿದ್ರೆ ಪೆಟ್ಟು ಸಾರ್‌ಗೆ ಬರ್ಬೇಕು. ಅವರೂ ಊರಲ್ಲಿಲ್ಲ ಅಲ್ವಾ, ಹಾಗಾಗಿ ಅದು ಅವರ ಹೊಣೆಗೆ ಹೋಗ್ಬೇಕು. ಅವರ ಹೊಣೆ ನಾನೇ. ಅಂದ್ರೆ ತಿರುಗಿ ನನ್ನ ಹತ್ರಾನೇ ಬರುತ್ತೆ. ಸಾರ್‌ದೂ ಹಾಗೇನೇ. ಊರಿಗೆ ಬರೋಕೆ ಅದಕ್ಕೆ ದಾರಿನೇ ಇಲ್ಲ."

"ಯಾರಾದ್ರೂ ಹೀಗೆ ಮಾಡಿದ್ದಾರೇನೇ? ನೋಡಿದ್ದೀಯಾ ನೀನು?"

"ಇಲ್ಲ ಮೇಡಂ."

"ಹಾಗಾದ್ರೆ ಒಂದು ಪಿನ್ನು ಚುಚ್ಕೊಂಡು ನೋಡೋದಲ್ವಾ!"

ಭಾವ ಫೋನು ಕಿತ್ತುಕೊಂಡರು. "ಚುಚ್ಕೋತೀನಿ ಅಂತ ಪಿನ್ನು ತೆಗೆದಿದ್ಲು. ನಾನೇ ಕಿತ್ತು ಎಸೆದೆ. ಬೇಕೂ ಅಂತ ಹೇಗೆ ಚುಚ್ಕೊಳ್ಳೋದೇ? ಅಕಸ್ಮಾತ್ ಊರಲ್ಲಿ ಯಾರಿಗಾದ್ರೂ ಹೋದ್ರೆ?" ನಮ್ಮೂರಿನಲ್ಲಿ ಹುಟ್ಟಿದ ಯಾರೂ ಅದನ್ನು ಮಾಡಲಾರರು. ಹೊರಗೆ ನಿಂತು ತಮ್ಮ ಮೈಗೆ ತಾವೇ ನೋವು ಮಾಡಿಕೊಳ್ಳುವುದು, ಮನೆಯಲ್ಲಿ ಕೂತವರ ಮೇಲೆ ಕೈ ಮಾಡಿದಂತೆಯೇ. ನಾನಾದರೂ ಮಾಡುತ್ತಿರಲಿಲ್ಲ.

"ಆ ಮಗು ಹೇಳಿದ್ದರಲ್ಲಿ ತಪ್ಪು ಹುಡುಕೋಕೆ ಅಷ್ಟು ದಿನ ಒದ್ದಾಡಿದೆ ದಾಕ್ಷಿ. ಸಿಗ್ಲಿಲ್ಲ" ಎಂದರು ಭಾವ. "ನೀನು ವಾಪಸ್ ಬಾ ಅಂದ್ರೆ ಬರ್ತೀವಿ. ಅಧಿಕಾರಿ ನೀನು." ಆಮೇಲೆ ದನಿ ತಗ್ಗಿಸಿ, "ಈಗ ಕಿಟಕೀಲಿ ಆ ಕೆಂಪು ಬೆಟ್ಟ ಕಾಣ್ತಾ ಇದೆ ಕಣೇ. ಇಷ್ಟು ವರ್ಷ ಫೋಟೋದಲ್ಲೇ ತೋರಿಸಿದ್ನಲ್ಲ, ಅದೇ" ಎಂದರು.

ಅವರು ಏನನ್ನಾದರೂ ಕಂಡು ಹಾಗೆ ಮಾತಾಡಿದ್ದನ್ನು ನಾನು ಅಕ್ಕ ಹೋದ ಮೇಲೆ ಕೇಳಿರಲಿಲ್ಲ. ಬಾ ಅನ್ನಲು ನನಗೆ ಬಾಯಿ ಬರಲಿಲ್ಲ. ಊರೆಲ್ಲ ಒಂದು ಕಡೆ, ಆ ದನಿ ಒಂದು ಕಡೆ. "ಎಲ್ಲೂ ಹತ್ತಬೇಡಿ, ಇಳೀಬೇಡಿ. ನೆಲ ನೋಡ್ಕೊಂಡು ನಡೀರಿ" ಎಂದು ಫೋನಿಟ್ಟೆ. ಡಾಕ್ಟರಿಗೆ, "ಕರೆಸಲ್ಲ" ಎಂದೆ. "ಏನಾದ್ರೂ ಆದ್ರೆ?" ಎಂದರು. "ಆದ್ರೆ ನಾನಿದ್ದೀನಿ, ಊರೆಲ್ಲ ಸೇರಿ ನನ್ನನ್ನ ಕೇಳ್ಲಿ" ಎಂದೆ. ಅವರು ಸಿಟ್ಟಿನಿಂದ ಸ್ಟೆತಾಸ್ಕೋಪನ್ನು ಮೇಜಿನ ಮೇಲೆ ಕುಕ್ಕಿದರು, ಆದರೆ ಮನೆಗೆ ಹೋಗಲಿಲ್ಲ.

ಆಮೇಲಿನ ನನ್ನ ಪಾಡು ಯಾರಿಗೂ ಬೇಡ. ಊರಲ್ಲಿ ಯಾರು ಅಮ್ಮಾ ಅಂದರೂ ನಾನು ಓಡುತ್ತಿದ್ದೆ. ಹೂವು ಮಾರುವವಳಿಗೆ ಬೆರಳು ತರಚಿತ್ತು. ಹೇಗಾಯಿತು, ಯಾವಾಗಾಯಿತು ಎಂದು ಪೊಲೀಸಿನವರಂತೆ ವಿಚಾರಿಸಿದೆ. "ದಬ್ಬಣ ತಾಗ್ತು ಕಣಮ್ಮೋ, ನಿಮಗೇನಾಗಿದೆ ಇವತ್ತು?" ಎಂದಳು. ಹೊಣೆಮನೆಯಲ್ಲಿ ಸಾವಂತ್ರಮ್ಮ ಹೊಟ್ಟೆ ಹಿಡಿದುಕೊಂಡು ಕಿರುಚಿದಾಗ ನನ್ನ ಜೀವವೇ ಬಾಯಿಗೆ ಬಂತು. ಅವಳು ಮಾತ್ರ, "ತಿಂದ ಕಣಮ್ಮ! ಬಜ್ಜಿ ತಿಂದ! ಬರ್ಲಿ ಮನೆಗೆ, ಮಾಡ್ತೀನಿ!" ಎಂದು ಹಲ್ಲು ಕಡಿದಳು. ಎಲ್ಲರೂ ನಕ್ಕರು, ಡಾಕ್ಟರೂ ನಕ್ಕರು. ನನಗೆ ನಗು ಬರಲಿಲ್ಲ.

ಕೊನೆಯ ದಿನ ಕಲ್ಲುಗಣಿ ನೋಡುವುದಿತ್ತು. ನಾವು ಮಜ್ಜಿಗೆ ಹಂಚುತ್ತಿದ್ದೆವು. ಫೋನು ಬಂತು, ಯಾರೋ ಹುಡುಗ. "ಮೇಡಂ! ಸಾರ್ ಬಸ್ಸಿಂದ ಇಳಿಯೋವಾಗ ಬಿದ್ದುಬಿಟ್ರು! ಜಲ್ಲಿ ರಾಶಿ ಮೇಲೆ, ಜೋರಾಗಿ—" ಅಲ್ಲಿಗೆ ಕಡಿದು ಹೋಯಿತು. ಬೆಟ್ಟ ಬೇಡ, ಬಂಡೆ ಬೇಡ ಎಂದು ಕಾದುಕೊಂಡವರು ಬಸ್ಸಿನ ಮೆಟ್ಟಿಲಿನಿಂದ ಬಿದ್ದಿದ್ದರು!

ಕೈಯಲ್ಲಿದ್ದ ಲೋಟ ಬಿಟ್ಟೆ. "ಯಾರಿಗಾಯ್ತು? ಯಾರಿಗೆ ಪೆಟ್ಟಾಯ್ತು ಹೇಳ್ರೋ!" ಎಂದು ಕಿರುಚಿದೆ. ಎಲ್ಲರೂ ಗಾಬರಿಯಾಗಿ ತಮ್ಮ ತಮ್ಮ ಕೈಕಾಲು ಮುಟ್ಟಿ ನೋಡಿಕೊಂಡರು. ಯಾರಿಗೂ ಏನೂ ಆಗಿರಲಿಲ್ಲ. ಡಾಕ್ಟರು ಚೀಲ ಹಿಡಿದು ಒಂದು ಬೀದಿಗೆ ಓಡಿದರು, ನಾನು ಇನ್ನೊಂದಕ್ಕೆ ಓಡಿದೆ. ಕಂಡ ಕಂಡ ಬಾಗಿಲು ಬಡಿದೆ. ತೊಟ್ಟಿಲು ಇಣುಕಿದೆ, ಮಲಗಿದ್ದ ಮುದುಕರನ್ನು ಅಲುಗಾಡಿಸಿ ಎಬ್ಬಿಸಿ ಬೈಸಿಕೊಂಡೆ. ಎಲ್ಲಿಯೂ ಅಳುವಿಲ್ಲ, ಕೂಗಿಲ್ಲ. ಯಾವುದೋ ಮುಚ್ಚಿದ ಬಾಗಿಲ ಹಿಂದೆ, ಪಕ್ಕದಲ್ಲಿ ಕೂರಲು ಕೂಡ ಯಾರೂ ಇಲ್ಲದೆ, ಒಂದು ಜೀವ ಹೋಗುತ್ತಿದೆಯೇನೋ ಎಂದು ನನಗೆ ಭಯವಾಯಿತು. ಅಕ್ಕಾ, ಏನು ಮಾಡಿಬಿಟ್ಟೆ ನಾನು ಎಂದು ನಡುಬೀದಿಯಲ್ಲಿ ನಿಂತು ಅತ್ತೆ.

ಫೋನು ಮತ್ತೆ ಬಂತು. ಭಾವನೇ.

"ದಾಕ್ಷಿ, ಅಲ್ಲಿ ಎಲ್ಲರೂ ಇದ್ದಾರಾ? ಯಾರಿಗೂ ಏನೂ ಆಗ್ಲಿಲ್ಲ ತಾನೇ? ಸರಿಯಾಗಿ ನೋಡಿದ್ಯಾ?"

"ನೋಡ್ದೆ ಭಾವ. ಎಲ್ಲ ಇದ್ದಾರೆ. ಯಾರಿಗೂ ಏನೂ ಆಗಿಲ್ಲ."

ಆ ಕಡೆ ಉಸಿರು ಮಾತ್ರ ಕೇಳುತ್ತಿತ್ತು. ಆಮೇಲೆ ಚಿಕ್ಕ ಮಕ್ಕಳು ಬಿಕ್ಕಿದ ಹಾಗೆ ಒಂದು ಸದ್ದು. "ರಕ್ತ ಬರ್ತಾ ಇದೆ ಕಣೇ" ಎಂದರು. "ನನ್ನ ಮಂಡೀಲಿ. ಪ್ಯಾಂಟೆಲ್ಲ ಒದ್ದೆಯಾಗಿದೆ."

"ನೋಯ್ತಾ ಇದೆಯಾ ಭಾವ?"

"ಹೂಂ ಕಣೇ. ತುಂಬಾ ನೋಯ್ತಾ ಇದೆ."

ಹಿಂದೆ ಪದ್ಮಾಕ್ಷಿ ಯಾರಿಗೋ, "ಅಯ್ಯೋ, ನೀರು ತಗೊಂಡು ಬನ್ರೋ, ತೊಳೀಬೇಕು" ಎನ್ನುತ್ತಿದ್ದಳು. ಪ್ರವಾಸದಲ್ಲಿ ಗಾಯ ತೊಳೆದು ಅಭ್ಯಾಸವಿಲ್ಲದ ಮಕ್ಕಳು. ಹೊರಗೆ ಹೋದವರ ಮೈಯಲ್ಲಿ ರಕ್ತವನ್ನು ಅವರಲ್ಲಿ ಯಾರೂ ಕಂಡಿರಲಿಲ್ಲ. ಭಾವ ಸ್ಸ್ ಎಂದು ಉಸಿರೆಳೆದುಕೊಂಡರು, ಆಮೇಲೆ ನಕ್ಕರು, ನಗುತ್ತಲೇ ಮತ್ತೆ ಅತ್ತರು. ನಾನೂ ಫೋನನ್ನು ಕಿವಿಗೆ ಒತ್ತಿಕೊಂಡು ಅದನ್ನೇ ಮಾಡುತ್ತಿದ್ದೆ. ಬೀದಿಯ ಜನ ಹೊಸ್ತಿಲುಗಳಲ್ಲಿ ನಿಂತು ನನ್ನನ್ನು ನೋಡುತ್ತಿದ್ದರು.

ಅಷ್ಟರಲ್ಲಿ ಡಾಕ್ಟರು ಏದುಸಿರು ಬಿಡುತ್ತ ಆ ತುದಿಯಿಂದ ಓಡಿಬಂದರು. ಚೀಲದ ಬಾಯಿ ತೆರೆದೇ ಇತ್ತು, ಹತ್ತಿಯ ಸುರುಳಿ ಹೊರಗೆ ಜೋತಾಡುತ್ತಿತ್ತು. ನನ್ನ ತೋಳು ಹಿಡಿದು ಅಲುಗಾಡಿಸಿದರು. "ಸಿಕ್ಕಿದ್ರಾ? ಹೇಳ್ರೀ, ಪೆಟ್ಟು ಯಾರಿಗೆ ಬಂತು?"

"ಬಿದ್ದವರಿಗೇ ಬಂತು ಡಾಕ್ಟ್ರೇ" ಎಂದೆ. "ಬಿದ್ದವರಿಗೇ."